ಹೆಸರಿಟ್ಟ ಮಾತ್ರಕ್ಕೆ ಅರಿತಂತಾಗುವುದೆ?

ಕಾರ್ಯವು ಕಣ್ಣಿಗೆ ಕಾಣುತ್ತಿದ್ದು ಕಾರಣವು ಕಾಣದಿರುವಾಗ ಮನುಷ್ಯನು ಸುಮ್ಮನಿರಲಾರನು. ಕಾಣದ ಕಾರಣವೊಂದನ್ನು ಊಹಿಸುತ್ತಾನೆ. ಊಹಿಸಿದ್ದಕ್ಕೆ ಒಂದು ಹೆಸರನ್ನಿಡುತ್ತಾನೆ. ಆ ಹೆಸರನ್ನು ನಾಲ್ಕು ಬಾರಿ ನುಡಿದ ಮೇಲೆ ತಾನು ಕಾರಣವನ್ನೇ ಅರಿತುಕೊಂಡೆನೆಂದು ಭಾವಿಸತೊಡಗುತ್ತಾನೆ. ಇವುಗಳಲ್ಲಿ ಮೊದಲನೆಯದು ಬುದ್ಧಿಯ ಸಹಜಧರ್ಮ, ಎರಡನೆಯದು ವ್ಯವಹಾರಕ್ಕೆ ಅಗತ್ಯ, ಮೂರನೆಯದು ದೋಷ. ಊಹೆಯು ಯಾವಾಗ ಅರಿವಾಗುತ್ತದೆ, ಅಲ್ಲಿಯವರೆಗೆ ಅದನ್ನು ಹೇಗೆ ಇಟ್ಟುಕೊಂಡಿರಬೇಕು ಎಂಬ ಪ್ರಶ್ನೆಯು ತರ್ಕಶಾಸ್ತ್ರಕ್ಕೆ ಎಷ್ಟು ಸಂಬಂಧಿಸಿದುದೋ ಸದಾಚಾರಕ್ಕೂ ಅಷ್ಟೇ ಸಂಬಂಧಿಸಿದುದು. ಈ ಪ್ರಶ್ನೆಯು ಇಂದು ಅತ್ಯಂತ ದೊಡ್ಡ ಪ್ರಮಾಣದಲ್ಲಿ ಎದ್ದುನಿಂತಿರುವುದು ಖಗೋಳವಿಜ್ಞಾನದಲ್ಲಿ. ವಿಶ್ವವು ಹಿಗ್ಗುತ್ತಿದೆ, ಹಿಗ್ಗುವ ವೇಗವೂ ಹೆಚ್ಚುತ್ತಿದೆ ಎಂದು ವಿಜ್ಞಾನಿಗಳು ಕಂಡಿದ್ದಾರೆ; ಏಕೆ ಹೆಚ್ಚುತ್ತಿದೆ ಎಂಬುದು ಮಾತ್ರ ಇನ್ನೂ ನಿರ್ಣಯವಾಗಿಲ್ಲ. ಆ ವಿಷಯವನ್ನೇ ಮುಂದಿಟ್ಟುಕೊಂಡು ನಾವು ಪ್ರಕೃತ ಪ್ರಶ್ನೆಯನ್ನು ವಿಚಾರಿಸಬಹುದಾಗಿದೆ.

ನ್ಯಾಯಶಾಸ್ತ್ರವನ್ನು ಗುರುಮುಖದಿಂದ ಕೇಳಿದವರು ದೇವದತ್ತನ ದೃಷ್ಟಾಂತವನ್ನು ಬಲ್ಲರು. ದೇವದತ್ತನು ಪುಷ್ಟನಾಗಿದ್ದಾನೆ, ಹಗಲಿನಲ್ಲಿ ಅವನು ಊಟಮಾಡುವುದನ್ನು ಯಾರೂ ಕಾಣರು. ಹೀಗಿರಲು, ಅವನು ರಾತ್ರಿ ಊಟಮಾಡುತ್ತಾನೆಂದು ಕಲ್ಪಿಸದೆ ಗತ್ಯಂತರವಿಲ್ಲ. ಇದನ್ನು ಅರ್ಥಾಪತ್ತಿ ಎನ್ನುತ್ತಾರೆ. ಮೀಮಾಂಸಕರು ಇದನ್ನು ಪ್ರತ್ಯೇಕ ಪ್ರಮಾಣವೆಂದು ಗಣಿಸಿದರೆ, ಮಾಧ್ವಶಾಸ್ತ್ರದಲ್ಲಿ ಇದು ಅನುಮಾನದಲ್ಲಿಯೇ ಅಂತರ್ಭೂತವಾಗಿದೆ. ಅನುಮಾನವಾದರೋ ದೋಷರಹಿತವಾದ ಯುಕ್ತಿಯಾಗಿರಬೇಕು. ದೋಷರಹಿತ ಎಂಬ ವಿಶೇಷಣದಲ್ಲಿಯೇ ಎಲ್ಲ ಭಾರವೂ ಅಡಗಿದೆ. ದೇವದತ್ತನ ರಾತ್ರಿಭೋಜನವು ಸಿದ್ಧವಾಗಬೇಕಾದರೆ ಬೇರೆ ಎಲ್ಲ ದಾರಿಗಳೂ ಮುಚ್ಚಿರಬೇಕು. ಅವನ ಪುಷ್ಟಿಯು ಬಾವು ಬಂದದ್ದಾಗಿರಬಾರದು; ಹಗಲಿನಲ್ಲಿ ಕಾವಲಿದ್ದವರು ಕಣ್ಣು ಮುಚ್ಚಿರಬಾರದು; ಮನೆಗೆ ಹಿಂಬಾಗಿಲು ಇರಬಾರದು; ಅನ್ನವಿಲ್ಲದೆ ದೇಹವು ಬೆಳೆಯದೆಂಬ ನಿಯಮದಲ್ಲಿಯೇ ಕೊರತೆಯಿರಬಾರದು. ಇವುಗಳಲ್ಲಿ ಒಂದು ದಾರಿ ತೆರೆದಿದ್ದರೂ ರಾತ್ರಿಭೋಜನವು ಸಂಭಾವ್ಯವಷ್ಟೇ ಹೊರತು ಸಿದ್ಧವಲ್ಲ.

ಖಗೋಳಶಾಸ್ತ್ರದ ಚರಿತ್ರೆಯಲ್ಲಿ ಇಂತಹ ಎರಡು ಕಲ್ಪನೆಗಳು ಅಕ್ಕಪಕ್ಕದಲ್ಲಿಯೇ ದೊರೆಯುತ್ತವೆ. 1781ರಲ್ಲಿ ವಿಲಿಯಂ ಹರ್ಷೆಲ್ ಕಂಡುಹಿಡಿದ ಯುರೇನಸ್ ಗ್ರಹವು ನ್ಯೂಟನ್ನನ ಗಣಿತವು ಹೇಳಿದ ದಾರಿಯಲ್ಲಿ ಸರಿಯಾಗಿ ನಡೆಯುತ್ತಿರಲಿಲ್ಲ. ಅದರಾಚೆಗೆ ಕಾಣದ ಗ್ರಹವೊಂದಿದ್ದು ಅದು ಇದನ್ನು ಸೆಳೆಯುತ್ತಿರಬೇಕೆಂದು ಫ್ರಾನ್ಸಿನ ಲವೆರಿಯೆ ಎಂಬ ಗಣಿತಜ್ಞನು ಕಲ್ಪಿಸಿ, ಆ ಗ್ರಹದ ಸ್ಥಾನವನ್ನು ಲೆಕ್ಕಹಾಕಿ ಬರ್ಲಿನ್ ವೀಕ್ಷಣಾಲಯಕ್ಕೆ ಪತ್ರ ಬರೆದನು. ಪತ್ರವು ತಲುಪಿದ 1846ರ ಸೆಪ್ಟೆಂಬರ್ 23ರ ರಾತ್ರಿಯೇ, ಹೇಳಿದ ಸ್ಥಾನದಿಂದ ಒಂದು ಅಂಶದೊಳಗೆ, ಗಾಲೆ ಎಂಬುವನು ನೆಪ್ಚೂನನ್ನು ಕಂಡನು. ಕಲ್ಪನೆಯು ಪ್ರತ್ಯಕ್ಷದಿಂದ ಸಮರ್ಥಿತವಾಯಿತು.

ಅದೇ ಲವೆರಿಯೆ 1859ರಲ್ಲಿ ಬುಧಗ್ರಹದ ನಡೆಯಲ್ಲಿಯೂ ಒಂದು ಸಣ್ಣ ವ್ಯತ್ಯಾಸವನ್ನು ತೋರಿಸಿಕೊಟ್ಟನು. ಈ ಬಾರಿಯೂ ಅದೇ ಯುಕ್ತಿಯನ್ನು ಹೂಡಿ, ಬುಧನಿಗೂ ಸೂರ್ಯನಿಗೂ ನಡುವೆ ಕಾಣದ ಗ್ರಹವಿರಬೇಕೆಂದು ಊಹಿಸಲಾಯಿತು. ಅದಕ್ಕೆ ವಲ್ಕನ್ ಎಂಬ ಹೆಸರೂ ಬಂದಿತು; ಕಂಡೆವೆಂದು ಹೇಳುವವರೂ ಹುಟ್ಟಿಕೊಂಡರು. ಗ್ರಹಣಕಾಲಗಳಲ್ಲಿ ಎಷ್ಟು ಹುಡುಕಿದರೂ ಅದು ದೊರೆಯಲಿಲ್ಲ, ಏಕೆಂದರೆ ಅದು ಇರಲೇ ಇಲ್ಲ. 1915ರಲ್ಲಿ ಐನ್‌ಸ್ಟೈನ್ ಗುರುತ್ವದ ನಿಯಮವನ್ನೇ ಹೊಸದಾಗಿ ನಿರೂಪಿಸಿದಾಗ, ಶತಮಾನಕ್ಕೆ 43 ವಿಕಲೆಗಳಷ್ಟಿದ್ದ ಆ ವ್ಯತ್ಯಾಸವು ಯಾವ ಹೊಸ ಗ್ರಹದ ಹಂಗೂ ಇಲ್ಲದೆ ಲೆಕ್ಕಕ್ಕೆ ಸರಿಹೊಂದಿತು. ಯುಕ್ತಿ ಒಂದೇ, ಹೂಡಿದವನೂ ಒಬ್ಬನೇ. ಒಂದು ಕಡೆ ವಸ್ತುವೇ ದೊರೆಯಿತು, ಇನ್ನೊಂದು ಕಡೆ ನಿಯಮವನ್ನೇ ತಿದ್ದಬೇಕಾಯಿತು. ಯಾವುದು ಎಲ್ಲಿ ಎಂಬುದನ್ನು ಕಲ್ಪನೆಯ ಕಾಲದಲ್ಲಿ ಹೇಳುವ ಉಪಾಯವು ಯಾರ ಬಳಿಯೂ ಇರಲಿಲ್ಲ. ಈ ಜೋಡಿ ದೃಷ್ಟಾಂತವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ವಿಷಯವನ್ನು ನೋಡೋಣ.

ವಿಶ್ವವು ಹಿಗ್ಗುತ್ತಿದೆಯೆಂಬುದು ಸುಮಾರು ನೂರು ವರ್ಷಗಳ ಹಿಂದಿನ ಶೋಧ. ಬೆಲ್ಜಿಯಂ ದೇಶದ ಪಾದ್ರಿಯೂ ಗಣಿತಜ್ಞನೂ ಆಗಿದ್ದ ಲಮೇತ್ರ್ 1927ರಲ್ಲಿ ಇದನ್ನು ಗಣಿತದಿಂದ ಪ್ರತಿಪಾದಿಸಿದನು. ಅಮೆರಿಕದ ಹಬಲ್ 1929ರಲ್ಲಿ, ದೂರದ ಗೆಲಾಕ್ಸಿಗಳು ದೂರಕ್ಕೆ ತಕ್ಕಷ್ಟು ಹೆಚ್ಚಿನ ವೇಗದಿಂದ ನಮ್ಮಿಂದ ಸರಿಯುತ್ತಿರುವುದನ್ನು ತೋರಿಸಿದನು. ಇದಕ್ಕೂ ಮುಂಚೆ, 1917ರಲ್ಲಿ, ವಿಶ್ವವು ನಿಶ್ಚಲವೆಂದೇ ಎಲ್ಲರೂ ನಂಬಿದ್ದಾಗ, ಐನ್‌ಸ್ಟೈನ್ ತನ್ನ ಸಮೀಕರಣಗಳಲ್ಲಿ ಒಂದು ಸ್ಥಿರಾಂಕವನ್ನು ಸೇರಿಸಿದ್ದನು. ಗುರುತ್ವವು ಎಲ್ಲವನ್ನೂ ಒಳಕ್ಕೆ ಸೆಳೆಯುವಾಗ ವಿಶ್ವವು ಕುಸಿಯದೆ ನಿಲ್ಲಬೇಕಾದರೆ ಅದಕ್ಕೆ ಎದುರಾದ ನೂಕು ಬೇಕಲ್ಲವೆ? ಆ ನೂಕೇ ಈ ಸ್ಥಿರಾಂಕ. ವಿಶ್ವವು ನಿಂತಿಲ್ಲ, ಹಿಗ್ಗುತ್ತಿದೆ ಎಂದು ತಿಳಿದ ಬಳಿಕ ಅದರ ಅಗತ್ಯವಿಲ್ಲದಾಯಿತು. 1931ರಲ್ಲಿ ಐನ್‌ಸ್ಟೈನನೇ ಅದನ್ನು ಕೈಬಿಟ್ಟನು. ಈ ಸಂಗತಿಗೆ ಮತ್ತೆ ಬರುವುದಿದೆ.

ಮೇಲಕ್ಕೆ ಎಸೆದ ಕಲ್ಲು ಏರುತ್ತಿರುವಾಗಲೇ ನಿಧಾನವಾಗುವಂತೆ, ಹಿಗ್ಗುತ್ತಿರುವ ವಿಶ್ವವೂ ತನ್ನೊಳಗಿನ ದ್ರವ್ಯದ ಸೆಳೆತದಿಂದ ನಿಧಾನವಾಗುತ್ತಿರಬೇಕೆಂಬುದು ಎಲ್ಲರ ಎಣಿಕೆಯಾಗಿತ್ತು. ಎಷ್ಟು ನಿಧಾನವಾಗುತ್ತಿದೆ ಎಂದು ಅಳೆಯುವುದಷ್ಟೇ ಉಳಿದಿತ್ತು. ಅಳೆಯಲು ಬೇಕಾದ ಮಾನದಂಡವು ಒಂದು ಬಗೆಯ ನಕ್ಷತ್ರಸ್ಫೋಟದಲ್ಲಿ ದೊರೆಯಿತು. ಇದರ ಬುಡದಲ್ಲಿ ಭಾರತೀಯ ವಿದ್ವಾಂಸರೊಬ್ಬರ ಗಣಿತವಿದೆ. 1930ರಲ್ಲಿ ಸುಬ್ರಹ್ಮಣ್ಯನ್ ಚಂದ್ರಶೇಖರರು ಇಂಗ್ಲೆಂಡಿಗೆ ಹಡಗಿನಲ್ಲಿ ಪ್ರಯಾಣ ಮಾಡುತ್ತಿದ್ದಾಗ, ಶ್ವೇತಕುಬ್ಜವೆಂಬ ಮುದಿನಕ್ಷತ್ರವು ಸೂರ್ಯನ ಸುಮಾರು 1.4 ಪಟ್ಟಿಗಿಂತ ಹೆಚ್ಚಿನ ದ್ರವ್ಯರಾಶಿಯನ್ನು ತಾಳಿಕೊಳ್ಳಲಾರದು ಎಂಬ ತತ್ತ್ವದ ಲೆಕ್ಕಕ್ಕೆ ತೊಡಗಿದರು. 1983ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ಸಂದಿತು. ಶ್ವೇತಕುಬ್ಜವು ಸಂಗಾತಿ ನಕ್ಷತ್ರದಿಂದ ದ್ರವ್ಯವನ್ನು ಹೀರುತ್ತ ಈ ಮಿತಿಯ ಸಮೀಪಕ್ಕೆ ಬಂದಾಗ ಸ್ಫೋಟಿಸಿ, ಕೆಲವು ದಿನಗಳ ಕಾಲ ಇಡೀ ಒಂದು ಗೆಲಾಕ್ಸಿಯಂತೆ ಬೆಳಗಬಲ್ಲುದು. ಇಂತಹ ಸೂಪರ್‌ನೋವಾಗಳ ನಿಜವಾದ ಪ್ರಕಾಶವು ಹೆಚ್ಚುಕಡಮೆ ಒಂದೇ ಆಗಿರುವುದರಿಂದ, ಕಾಣುವ ಪ್ರಕಾಶದಿಂದ ದೂರವನ್ನು ಎಣಿಸಬಹುದು. ಒಂದೇ ಅಳತೆಯ ದೀಪವು ದೂರವಾದಂತೆಲ್ಲ ಮಂಕಾಗಿ ತೋರುವ ಹಾಗೆ.

1990ರ ದಶಕದಲ್ಲಿ ಎರಡು ತಂಡಗಳು ಪರಸ್ಪರ ಪೈಪೋಟಿಯಿಂದ ಈ ಕೆಲಸದಲ್ಲಿ ತೊಡಗಿದವು. ಒಂದಕ್ಕೆ ಸಾಲ್ ಪರ್ಲ್‌ಮಟರ್ ನಾಯಕರು. ಇನ್ನೊಂದಕ್ಕೆ ಬ್ರಯಾನ್ ಶ್ಮಿಟ್ ನಾಯಕರು, ಅದರಲ್ಲಿ ಆಡಂ ರೀಸ್ ಪ್ರಮುಖರು. 1998ರಲ್ಲಿ ಎರಡೂ ತಂಡಗಳು ಹೊರಗೆಡಹಿದ ಫಲಿತಾಂಶವು ಅವರ ನಿರೀಕ್ಷೆಗೇ ವಿರುದ್ಧವಾಗಿತ್ತು. ದೂರದ ಸೂಪರ್‌ನೋವಾಗಳು ಇರಬೇಕಾದುದಕ್ಕಿಂತ ಶೇಕಡ 20ರಿಂದ 25ರಷ್ಟು ಮಂಕಾಗಿದ್ದವು. ಎಂದರೆ ಅವು ಎಣಿಸಿದ್ದಕ್ಕಿಂತ ದೂರದಲ್ಲಿದ್ದವು. ಎಂದರೆ ವಿಶ್ವದ ಹಿಗ್ಗುವಿಕೆಯು ನಿಧಾನವಾಗುವ ಬದಲು ತೀವ್ರವಾಗುತ್ತಿತ್ತು. ಸುಮಾರು 1,380 ಕೋಟಿ ವರ್ಷಗಳ ವಿಶ್ವದ ಆಯುಷ್ಯದಲ್ಲಿ ಮೊದಲ ಭಾಗದಲ್ಲಿ ವೇಗವು ಕುಗ್ಗುತ್ತ ಬಂದು, ಈಗ್ಗೆ 500–600 ಕೋಟಿ ವರ್ಷಗಳ ಹಿಂದಿನಿಂದ ಹೆಚ್ಚುತ್ತಿದೆಯೆಂದು ಈಗ ಎಣಿಸಲಾಗಿದೆ. ಎಸೆದ ಕಲ್ಲು ಅರ್ಧದಾರಿಯಲ್ಲಿ ಯಾರೋ ನೂಕಿದಂತೆ ಮತ್ತೂ ವೇಗವಾಗಿ ಮೇಲೇರಿದರೆ ನಮಗೆ ಎಷ್ಟು ಆಶ್ಚರ್ಯವಾಗುವುದೋ ಅಷ್ಟು ಆಶ್ಚರ್ಯವು ವಿಜ್ಞಾನಲೋಕಕ್ಕೂ ಆಯಿತು. ಮೂವರಿಗೂ 2011ರ ನೊಬೆಲ್ ಪಾರಿತೋಷಕವು ದೊರೆಯಿತು. ವಿಶ್ವದ ಆದಿಕಾಲದಿಂದ ಉಳಿದುಬಂದಿರುವ ಮಂದವಾದ ಸೂಕ್ಷ್ಮತರಂಗಗಳ ಅಧ್ಯಯನವೂ, ಗೆಲಾಕ್ಸಿಗಳು ಹರಡಿಕೊಂಡಿರುವ ವಿನ್ಯಾಸದ ಅಧ್ಯಯನವೂ ಸ್ವತಂತ್ರವಾದ ದಾರಿಗಳಿಂದ ಇದೇ ತೀರ್ಮಾನದತ್ತ ಬೊಟ್ಟುಮಾಡಿದವು.

ಈ ನೂಕಿನ ಕಾರಣಕ್ಕೆ 1998ರಲ್ಲಿಯೇ ಮೈಕೆಲ್ ಟರ್ನರ್ ಎಂಬ ವಿಜ್ಞಾನಿಯು ಡಾರ್ಕ್ ಎನರ್ಜಿ ಎಂಬ ಹೆಸರನ್ನು ಕೊಟ್ಟರು. ಕೃಷ್ಣರಂಧ್ರವೆಂಬ ಪದದ ಮಾದರಿಯಲ್ಲಿ ಇದನ್ನು ಕೃಷ್ಣಶಕ್ತಿ ಎಂದು ಕರೆದರೆ ನಮ್ಮ ವಾಚಕರಿಗೆ ಬೇರೆಯೇ ಅರ್ಥವು ಹೊಳೆದೀತು; ಒಂದು ಹೆಸರು ಬುದ್ಧಿಯನ್ನು ಎಷ್ಟು ಸುಲಭವಾಗಿ ಬೇರೆಡೆಗೆ ಒಯ್ಯಬಲ್ಲುದೆಂಬುದಕ್ಕೆ ಇದೂ ಒಂದು ನಿದರ್ಶನ. ಆದುದರಿಂದ ಅಗೋಚರ ಶಕ್ತಿ ಎಂಬ ಪದವನ್ನೇ ಇಲ್ಲಿ ಬಳಸುತ್ತೇವೆ. ಇಂದಿನ ಲೆಕ್ಕದ ಪ್ರಕಾರ ವಿಶ್ವದ ಒಟ್ಟು ದ್ರವ್ಯಶಕ್ತಿಗಳಲ್ಲಿ ಸುಮಾರು ಶೇಕಡ 68 ಭಾಗವು ಈ ಅಗೋಚರ ಶಕ್ತಿ. ಸುಮಾರು 27 ಭಾಗವು ಅಗೋಚರ ದ್ರವ್ಯ. ನಕ್ಷತ್ರ, ಗ್ರಹ, ಗಿಡಮರ, ನಮ್ಮ ದೇಹ, ಇವೆಲ್ಲವೂ ಸೇರಿ ಉಳಿದ ಐದು ಭಾಗ. ಅಂಕಿಗಳು ಇಷ್ಟು ಖಚಿತವಾಗಿರುವುದನ್ನು ಕಂಡಾಗ ವಸ್ತುವೂ ಅಷ್ಟೇ ಖಚಿತವಾಗಿ ತಿಳಿದಿದೆಯೆಂಬ ಭ್ರಮೆಯು ಹುಟ್ಟುವುದು ಸಹಜ. ಆದರೆ ತಿಳಿದಿರುವುದು ಕೊರತೆಯ ಅಳತೆ. ಭಂಡಾರದ ಲೆಕ್ಕದಲ್ಲಿ ಇಷ್ಟು ರೂಪಾಯಿ ಹೊಂದುವುದಿಲ್ಲವೆಂದು ಲೆಕ್ಕಿಗನು ಕಾಸಿನವರೆಗೂ ಹೇಳಬಲ್ಲನು. ಆ ಹಣವು ಎಲ್ಲಿಂದ ಬಂತೆಂಬುದು ಅದರಿಂದಲೇ ತಿಳಿದುಬಿಡುವುದಿಲ್ಲ.

ಈಗ ಕಾರಣವನ್ನು ಕುರಿತ ವಾದಗಳನ್ನು ನೋಡೋಣ. ದೇವದತ್ತನು ರಾತ್ರಿ ಊಟಮಾಡುತ್ತಾನೆ ಎಂಬುದಕ್ಕೆ ಸಮಾನವಾದ ಮೊದಲನೆಯ ವಾದವು, ಐನ್‌ಸ್ಟೈನ್ ಕೈಬಿಟ್ಟ ಸ್ಥಿರಾಂಕವನ್ನೇ ಮರಳಿ ತಂದುಕೊಳ್ಳುವುದು. ಏನೂ ಇಲ್ಲದ ಶೂನ್ಯಪ್ರದೇಶಕ್ಕೂ ಒಂದು ಅಲ್ಪವಾದ ಶಕ್ತಿಯಿದೆ. ವಿಶ್ವವು ಹಿಗ್ಗಿದಂತೆ ದ್ರವ್ಯವು ತೆಳುವಾಗುತ್ತದೆ, ಈ ಶಕ್ತಿಯು ಮಾತ್ರ ತೆಳುವಾಗುವುದಿಲ್ಲ. ಆದುದರಿಂದ ಒಂದು ಘಟ್ಟದಲ್ಲಿ ಸೆಳೆತವನ್ನು ನೂಕು ಮೀರುತ್ತದೆ ಎಂಬುದು ಈ ವಾದದ ಸಾರ. ಇದಕ್ಕೆ ಬೇಕಾದ ಶಕ್ತಿಯು ಒಂದು ಘನಮೀಟರಿಗೆ ಮೂರು ನಾಲ್ಕು ಹೈಡ್ರೋಜನ್ ಪರಮಾಣುಗಳ ತೂಕಕ್ಕೆ ಸಮನಾದುದು. ವಾದವು ಸರಳ, ಇದುವರೆಗಿನ ಬಹುತೇಕ ವೀಕ್ಷಣೆಗಳಿಗೆ ಹೊಂದುವಂತಹುದು. ಆದರೆ ಶೂನ್ಯದಲ್ಲಿ ಎಷ್ಟು ಶಕ್ತಿಯಿರಬೇಕೆಂದು ಅಣುವಿಜ್ಞಾನದ ಸಿದ್ಧಾಂತದಿಂದ ಸ್ಥೂಲವಾಗಿ ಲೆಕ್ಕಹಾಕಿದರೆ ಬರುವ ಉತ್ತರವು ಕಂಡ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚು. 1ರ ಮುಂದೆ 120 ಸೊನ್ನೆಗಳನ್ನು ಬರೆದರೆ ಆಗುವಷ್ಟು ಪಟ್ಟು ಎಂದು ಸಾಮಾನ್ಯವಾಗಿ ಹೇಳುವ ರೂಢಿಯಿದೆ. ಸ್ಟೀವನ್ ವೈನ್‌ಬರ್ಗ್ 1987ರಲ್ಲಿ ಬೇರೊಂದು ದಿಕ್ಕಿನಿಂದ ವಿಚಾರಮಾಡಿದರು. ಈ ಬೆಲೆಯು ಬಹಳ ದೊಡ್ಡದಾಗಿದ್ದಲ್ಲಿ ಗೆಲಾಕ್ಸಿಗಳೇ ರೂಪುಗೊಳ್ಳುತ್ತಿರಲಿಲ್ಲ, ಪ್ರಶ್ನೆ ಕೇಳಲು ನಾವೂ ಇರುತ್ತಿರಲಿಲ್ಲ ಎಂಬುದು ಅವರ ಯುಕ್ತಿ. ಇದು ಬೆಲೆಗೊಂದು ಮಿತಿಯನ್ನು ಹಾಕಿಕೊಟ್ಟಿತು. ಆದರೆ ನಾವಿರುವುದರಿಂದ ಅದು ಹೀಗಿದೆ ಎನ್ನುವುದು ಕಾರಣವನ್ನು ಹೇಳಿದಂತಾಯಿತೆ ಎಂಬ ವಿವಾದವು ಮುಗಿದಿಲ್ಲ.

ಎರಡನೆಯ ವಾದವು, ಆಹಾರವು ದಿನದಿಂದ ದಿನಕ್ಕೆ ಹೆಚ್ಚುಕಡಮೆಯಾಗುತ್ತಿರಬಹುದು ಎಂಬಂತಹುದು. ನೂಕುವ ಶಕ್ತಿಯು ಸ್ಥಿರವಾಗಿರದೆ ಕಾಲದೊಡನೆ ಬದಲಾಗುತ್ತದೆ ಎಂಬುದು ಇದರ ತಾತ್ಪರ್ಯ. ಭಾರತದಲ್ಲಿ ಜನಿಸಿದ ಭರತ್ ರತ್ರಾ ಮತ್ತು ಜೇಮ್ಸ್ ಪೀಬಲ್ಸ್ ಅವರೂ, ಜರ್ಮನಿಯ ಕ್ರಿಸ್ಟಾಫ್ ವೆಟರಿಶ್ ಅವರೂ 1988ರಲ್ಲಿಯೇ, ಎಂದರೆ ವೇಗೋತ್ಕರ್ಷವು ಕಾಣುವುದಕ್ಕೆ ಹತ್ತು ವರ್ಷ ಮೊದಲೇ, ಇಂತಹ ಸಾಧ್ಯತೆಯನ್ನು ವಿಚಾರಿಸಿದ್ದರು. ಮುಂದೆ ಇದಕ್ಕೆ ಕ್ವಿಂಟೆಸೆನ್ಸ್, ಎಂದರೆ ಪಂಚಮತತ್ತ್ವ, ಎಂಬ ಹೆಸರು ಬಂದಿತು. ಪ್ರಾಚೀನ ಗ್ರೀಕರು ಭೂಮಿ ಜಲ ವಾಯು ಅಗ್ನಿಗಳ ಮೇಲೆ ಹೇಳಿದ ಐದನೆಯ ತತ್ತ್ವದಿಂದ ಬಂದ ಹೆಸರಿದು. ಅಮೆರಿಕದ ಅರಿಜೋನಾದಲ್ಲಿ ಕಿಟ್ ಪೀಕ್ ಶಿಖರದ ದೂರದರ್ಶಕಕ್ಕೆ ಜೋಡಿಸಿರುವ ಡೆಸಿ ಎಂಬ ಉಪಕರಣವು ಒಂದೂವರೆ ಕೋಟಿಗೆ ಸಮೀಪವಾದಷ್ಟು ಗೆಲಾಕ್ಸಿ ಮತ್ತು ಕ್ವೇಸಾರುಗಳ ಸ್ಥಾನವನ್ನು ಗುರುತಿಸಿ, 2024 ಮತ್ತು 2025ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿತು. ಅವನ್ನು ಸೂಪರ್‌ನೋವಾ ಮೊದಲಾದ ಇತರ ವೀಕ್ಷಣೆಗಳೊಡನೆ ಕೂಡಿಸಿದರೆ, ಅಗೋಚರ ಶಕ್ತಿಯು ಕಾಲಕ್ರಮದಲ್ಲಿ ಕುಗ್ಗುತ್ತಿರುವಂತೆ ಸೂಚನೆಯಿದೆ. ವಿಜ್ಞಾನಿಗಳ ಅಳತೆಗೋಲಿನಲ್ಲಿ ಈ ಸೂಚನೆಯ ಬಲವು 2.8ರಿಂದ 4.2 ಸಿಗ್ಮಾ, ಶೋಧವೆಂದು ಸಾರಲು 5 ಬೇಕು. ಆದುದರಿಂದ ಅವರು ಇದನ್ನು ಸೂಚನೆಯೆಂದೇ ಕರೆದಿದ್ದಾರೆ.

ಮೂರನೆಯ ವಾದವು ದೇಹಪೋಷಣೆಯ ನಿಯಮವನ್ನೇ ಪ್ರಶ್ನಿಸುವಂತಹುದು. ಹೊಸ ಶಕ್ತಿಯೇನೂ ಇಲ್ಲ. ಅತಿ ದೊಡ್ಡ ದೂರಗಳಲ್ಲಿ ಗುರುತ್ವವು ಐನ್‌ಸ್ಟೈನ್ ಹೇಳಿದುದಕ್ಕಿಂತ ಬೇರೆ ರೀತಿಯಲ್ಲಿ ವರ್ತಿಸುತ್ತದೆ ಎಂದು ಇವರು ಹೇಳುತ್ತಾರೆ. ಬುಧಗ್ರಹದ ಕಥೆಯನ್ನು ಕೇಳಿದವರಿಗೆ ಈ ವಾದವನ್ನು ತಳ್ಳಿಹಾಕಲು ಮನಸ್ಸಾಗದು. ಆದರೆ 2017ರ ಆಗಸ್ಟ್ 17ರಂದು ಒಂದು ವಿಶೇಷ ಪರೀಕ್ಷೆಯು ಪ್ರಕೃತಿಯಿಂದಲೇ ಒದಗಿಬಂತು. ಸುಮಾರು 13 ಕೋಟಿ ಜ್ಯೋತಿರ್ವರ್ಷಗಳ ದೂರದಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು ಒಂದಕ್ಕೊಂದು ಬಡಿದು ಒಂದಾದಾಗ ಎದ್ದ ಗುರುತ್ವತರಂಗಗಳು ಭೂಮಿಯನ್ನು ಮುಟ್ಟಿದ ಸುಮಾರು 1.7 ಸೆಕೆಂಡುಗಳಲ್ಲಿಯೇ ಅಲ್ಲಿಂದ ಹೊರಟ ಗಾಮಾಕಿರಣಗಳೂ ಮುಟ್ಟಿದವು. 13 ಕೋಟಿ ವರ್ಷಗಳ ಪಯಣದಲ್ಲಿ ಎರಡರ ವೇಗವೂ ಒಂದೇ ಎಂದು ಇದರಿಂದ ಸಿದ್ಧವಾಗಿ, ಗುರುತ್ವದ ವೇಗವು ಬೆಳಕಿನ ವೇಗಕ್ಕಿಂತ ಬೇರೆಯಾಗಬೇಕೆಂದು ಹೇಳುತ್ತಿದ್ದ ಹಲವಾರು ಸಿದ್ಧಾಂತಗಳು ಒಂದೇ ದಿನದಲ್ಲಿ ಬಿದ್ದುಹೋದವು. ಕೆಲವು ಉಳಿದಿವೆ.

ನಾಲ್ಕನೆಯ ವಾದವು ಹಿಂಬಾಗಿಲಿನದು. ವಿಶ್ವವು ಎಲ್ಲೆಡೆಯೂ ಒಂದೇ ಸಮನಾಗಿದೆಯೆಂದು ಭಾವಿಸಿ ನಾವು ಲೆಕ್ಕಹಾಕುತ್ತೇವೆ. ಆದರೆ ಗೆಲಾಕ್ಸಿಗಳು ಗುಂಪುಗೂಡಿ ಬಲೆಯಂತೆ ಹರಡಿಕೊಂಡಿದ್ದು ನಡುನಡುವೆ ಭಾರಿ ಬಯಲುಗಳಿವೆ. ದ್ರವ್ಯವಿರುವೆಡೆ ಕಾಲವು ನಿಧಾನವಾಗಿಯೂ ಬಯಲಿನಲ್ಲಿ ಬೇಗನೆಯೂ ನಡೆಯುವುದರಿಂದ, ಎರಡನ್ನೂ ಒಂದೇ ಗಡಿಯಾರದಿಂದ ಅಳೆದಾಗ ವೇಗೋತ್ಕರ್ಷದ ತೋರಿಕೆಯು ಉಂಟಾಗುತ್ತದೆ ಎಂದು ನ್ಯೂಜಿಲೆಂಡಿನ ಡೇವಿಡ್ ವಿಲ್ಟ್‌ಶೈರ್ 2007ರಿಂದ ಪ್ರತಿಪಾದಿಸುತ್ತ ಬಂದಿದ್ದಾರೆ. ಬಹುಮಂದಿ ವಿಜ್ಞಾನಿಗಳು ಇದನ್ನು ಒಪ್ಪಿಲ್ಲ. ಈ ವ್ಯತ್ಯಾಸವು ಅಷ್ಟು ದೊಡ್ಡ ಪರಿಣಾಮವನ್ನು ಉಂಟುಮಾಡಲಾರದೆಂಬುದು ಅವರ ಆಕ್ಷೇಪ.

ಐದನೆಯದು, ದೇವದತ್ತನು ನಿಜವಾಗಿಯೂ ಪುಷ್ಟನೆ ಎಂಬ ಮೂಲಪ್ರಶ್ನೆ. ಆಕ್ಸ್‌ಫರ್ಡಿನ ಸುಬೀರ್ ಸರ್ಕಾರ್ ಮತ್ತು ಅವರ ಸಹೋದ್ಯೋಗಿಗಳು 2016ರಲ್ಲಿ, ಸೂಪರ್‌ನೋವಾಗಳನ್ನಷ್ಟೇ ತೆಗೆದುಕೊಂಡರೆ ವೇಗೋತ್ಕರ್ಷಕ್ಕಿರುವ ಆಧಾರವು ಭಾವಿಸಿರುವಷ್ಟು ಗಟ್ಟಿಯಲ್ಲವೆಂದು ವಾದಿಸಿದರು. 2025ರಲ್ಲಿ ದಕ್ಷಿಣ ಕೊರಿಯಾದ ಯೋನ್ಸೆ ವಿಶ್ವವಿದ್ಯಾಲಯದ ವಿದ್ವಾಂಸರು, ಸ್ಫೋಟಿಸುವ ನಕ್ಷತ್ರದ ವಯಸ್ಸಿಗೆ ಅನುಗುಣವಾಗಿ ಸೂಪರ್‌ನೋವಾದ ಪ್ರಕಾಶವು ಬದಲಾಗುತ್ತದೆಯೆಂದೂ, ಅದನ್ನು ಸರಿಪಡಿಸಿದರೆ ಇಂದು ವೇಗವು ಹೆಚ್ಚುತ್ತಿಲ್ಲವೆಂದೇ ತೋರುತ್ತದೆಯೆಂದೂ ಹೇಳಿದರು. ದೀಪಗಳೆಲ್ಲ ಒಂದೇ ಅಳತೆಯವೆಂದು ತಿಳಿದಿದ್ದೆವು, ಹಾಗಲ್ಲವೆಂದಾದರೆ ದೂರದ ಲೆಕ್ಕವೂ ತಪ್ಪುತ್ತದೆಯಷ್ಟೆ. ಇವರ ಮಾತಿಗೂ ಪ್ರತ್ಯುತ್ತರಗಳಿವೆ. ಬೇರೆ ದಾರಿಗಳಿಂದ ದೊರೆತ ಸಾಕ್ಷ್ಯಗಳನ್ನು ಒಟ್ಟಾಗಿ ನೋಡಿದ ಬಹುಮತವು ಇಂದಿಗೂ ವೇಗೋತ್ಕರ್ಷದ ಕಡೆಗೇ ಇದೆ. ಆದರೂ ನೊಬೆಲ್ ಪಾರಿತೋಷಕವು ಸಂದ ಶೋಧವನ್ನು ಮರಳಿ ಒರೆಗೆ ಹಚ್ಚುವುದನ್ನು ಅಲ್ಲಿ ಅಪಚಾರವೆಂದು ಭಾವಿಸುವುದಿಲ್ಲ ಎಂಬುದನ್ನು ನಾವು ಗಮನಿಸಬೇಕು.

ಹೀಗೆ ಐದು ದಾರಿಗಳಲ್ಲಿ ಯಾವುದೂ ಪೂರ್ತಿಯಾಗಿ ಮುಚ್ಚಿಲ್ಲ. ಎಲ್ಲವೂ ಸಮಬಲವೂ ಅಲ್ಲ. ಇಂತಹ ಸ್ಥಿತಿಯಲ್ಲಿ ವಿವೇಕಿಯಾದವನ ಕರ್ತವ್ಯವೇನು? ಇಲ್ಲಿ ಮೂರು ತಪ್ಪುದಾರಿಗಳು ಎದುರಾಗುತ್ತವೆ.

ಮೊದಲನೆಯದು ಪರಿಹಾಸ. ವಿಶ್ವದ ನೂರರಲ್ಲಿ ತೊಂಬತ್ತೈದು ಭಾಗ ಏನೆಂದೇ ಇವರಿಗೆ ತಿಳಿಯದು, ಇವರ ವಿಜ್ಞಾನಕ್ಕೇನು ಬೆಲೆ ಎಂದು ನಗುವವರಿದ್ದಾರೆ. ಆದರೆ ತಿಳಿಯದ ಭಾಗವು ಇಷ್ಟೆಂದು ಅಳೆದು ಹೇಳಿದವರು ಆ ವಿಜ್ಞಾನಿಗಳೇ ಅಲ್ಲವೆ? ವೇಗವು ಎಷ್ಟು ಕುಗ್ಗುತ್ತಿದೆಯೆಂದು ಅಳೆಯಲು ಹೊರಟವರು, ಹೆಚ್ಚುತ್ತಿದೆಯೆಂದು ಕಂಡಾಗ ಅದನ್ನು ಮರೆಮಾಚಲಿಲ್ಲ. ತಮ್ಮ ಲೆಕ್ಕದಲ್ಲೇ ದೋಷವಿದೆಯೇ ಎಂದು ಮತ್ತೆ ಮತ್ತೆ ಹುಡುಕಿ, ಧೂಳು ಅಡ್ಡಬಂದು ಬೆಳಕು ಮಂಕಾಗಿರಬಹುದೆ ಎಂದು ಪರೀಕ್ಷಿಸಿ, ಕೊನೆಗೆ ಕಂಡದ್ದನ್ನು ಕಂಡಂತೆ ಹೇಳಿದರು. ತನ್ನ ನಿರೀಕ್ಷೆಗೆ ವಿರುದ್ಧವಾದುದನ್ನು ತಾನೇ ಸಾರುವುದು ಸತ್ಯನಿಷ್ಠೆಯ ಲಕ್ಷಣ. ಅದನ್ನು ನಗುವವನು ತನ್ನ ಅಜ್ಞಾನವನ್ನು ಎಂದಾದರೂ ಶೇಕಡ ಇಷ್ಟೆಂದು ಅಳೆದಿದ್ದಾನೆಯೆ ಎಂದು ಕೇಳಿಕೊಳ್ಳಲಿ.

ಎರಡನೆಯದು ಇದಕ್ಕೆ ವಿರುದ್ಧವಾದುದು, ಆಸ್ತಿಕರಲ್ಲಿ ಹೆಚ್ಚಾಗಿ ಕಾಣುವಂತಹುದು: ಇದೆಲ್ಲವೂ ನಮ್ಮಲ್ಲಿ ಮೊದಲೇ ಹೇಳಿದೆ ಎನ್ನುವುದು. ಹೊಸ ಶೋಧವೊಂದು ಪತ್ರಿಕೆಯಲ್ಲಿ ಬಂದೊಡನೆ ಅದಕ್ಕೆ ಹೊಂದುವ ಶ್ಲೋಕವನ್ನು ಹುಡುಕುವ ಉತ್ಸಾಹವು ಭಕ್ತಿಯಂತೆ ಕಾಣುತ್ತದೆ. ಅದರ ಪರಿಣಾಮವನ್ನು ಯೋಚಿಸೋಣ. ಐನ್‌ಸ್ಟೈನನ ಸ್ಥಿರಾಂಕವು 1917ರಲ್ಲಿ ಬಂದಿತು, 1931ರಲ್ಲಿ ಹೋಯಿತು, 1998ರಲ್ಲಿ ಮರಳಿತು. ಈಗ ಅದು ಸ್ಥಿರವೇ ಅಲ್ಲವೇನೋ ಎಂಬ ಸಂದೇಹಕ್ಕೆ ಗುರಿಯಾಗಿದೆ. ಒಬ್ಬನು 1917ರಲ್ಲಿ ಶಾಸ್ತ್ರವಾಕ್ಯವೊಂದಕ್ಕೆ ಈ ಸ್ಥಿರಾಂಕವೇ ಅರ್ಥವೆಂದು ವ್ಯಾಖ್ಯಾನ ಮಾಡಿದ್ದರೆ, 1931ರಲ್ಲಿ ಅವನ ಮೊಮ್ಮಗನು ಅದೇ ವಾಕ್ಯಕ್ಕೆ ವಿರುದ್ಧಾರ್ಥವನ್ನು ಹೇಳಬೇಕಾಗುತ್ತಿತ್ತು. 1998ರಲ್ಲಿ ಮತ್ತೊಮ್ಮೆ ಮೊದಲಿನ ಅರ್ಥಕ್ಕೇ ಮರಳಬೇಕಾಗುತ್ತಿತ್ತು. ಹೀಗೆ ಕಾಲಕಾಲಕ್ಕೆ ಎಳೆದಾಡಿಸಿಕೊಳ್ಳುವುದರಿಂದ ಶಾಸ್ತ್ರಕ್ಕೆ ಗೌರವವು ಬಂದೀತೆ? ಪ್ರತಿಯೊಂದು ಪ್ರಮಾಣಕ್ಕೂ ತನ್ನ ವಿಷಯವುಂಟು. ಸೂಪರ್‌ನೋವಾದ ಬೆಳಕು ಎಷ್ಟು ಮಂಕಾಗಿದೆಯೆಂಬುದು ಪ್ರತ್ಯಕ್ಷಕ್ಕೂ ಅದನ್ನಾಶ್ರಯಿಸಿದ ಯುಕ್ತಿಗೂ ಸೇರಿದ ವಿಷಯ. ಅದನ್ನು ಅವುಗಳಿಗೇ ಬಿಡುವುದರಿಂದ ಆಗಮಕ್ಕೆ ಯಾವ ಊನವೂ ಇಲ್ಲ. ತಿಳಿಯದ ಕಡೆಗಳಲ್ಲೆಲ್ಲ ದೇವರ ಹೆಸರನ್ನು ತುಂಬುವುದೂ ಇಂತಹುದೇ. ನಾಳೆ ಕಾರಣವು ತಿಳಿದುಬಂದರೆ ಆ ಸ್ಥಾನದಿಂದ ದೇವರನ್ನು ತೆರವುಗೊಳಿಸಬೇಕಾದೀತು. ತಿಳಿದುದಕ್ಕೂ ತಿಳಿಯದುದಕ್ಕೂ ಒಡೆಯನೆಂದು ನಂಬಿದವನನ್ನು ನಮ್ಮ ಅಜ್ಞಾನದ ಬಿರುಕಿನಲ್ಲಿ ಕೂರಿಸುವುದು ಸಲ್ಲದು.

ಮೂರನೆಯದು ನಿರಾಶೆ. ಐದು ವಾದಗಳಿದ್ದ ಮೇಲೆ ಯಾವುದೂ ನಿಜವಲ್ಲ, ಜ್ಞಾನವೆಂಬುದೇ ಅಸಾಧ್ಯ ಎಂಬ ನಿಲುವು. ಇದು ವಿನಯದ ವೇಷವನ್ನು ಧರಿಸಿ ಬರುತ್ತದೆ. ಆದರೆ 2017ರ ಒಂದು ವೀಕ್ಷಣೆಯಿಂದ ಹಲವು ಸಿದ್ಧಾಂತಗಳು ಬಿದ್ದುಹೋದವಲ್ಲವೆ? ಬೀಳಬಲ್ಲ ವಾದವಿದ್ದಾಗ, ನಿಲ್ಲಬಲ್ಲ ವಾದವೂ ಇರುತ್ತದೆ. ಹೊರಗಿನ ಜಗತ್ತು ನಮ್ಮ ಕಲ್ಪನೆಯಾಗಿರದೆ ಸತ್ಯವಾಗಿರುವುದರಿಂದಲೇ ಅದು ನಮ್ಮ ಕಲ್ಪನೆಗಳನ್ನು ಅಲ್ಲಗಳೆಯಬಲ್ಲುದು. ಜಗತ್ತು ಸತ್ಯವೆಂದು ಬಾಲ್ಯದಿಂದ ಕೇಳುತ್ತ ಬಂದಿರುವ ನಮ್ಮ ಮನೆಗಳವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ.

ನಕ್ಷತ್ರಗಳ ವಿಷಯದಲ್ಲಿ ಹೀಗೆ ಎಚ್ಚರದಿಂದಿರುವುದು ಸುಲಭ. ಅಲ್ಲಿ ನಮಗೆ ರಾಗದ್ವೇಷಗಳಿಲ್ಲ. ನಿತ್ಯಜೀವನದಲ್ಲಿ ಇದೇ ಯುಕ್ತಿಯನ್ನು ನಾವು ಎಷ್ಟು ಅಜಾಗರೂಕತೆಯಿಂದ ಬಳಸುತ್ತೇವೆಂಬುದನ್ನು ನೋಡಬೇಕು. ನೆರೆಮನೆಯವನು ಅಲ್ಪಕಾಲದಲ್ಲಿ ಮಹಡಿ ಕಟ್ಟಿಸಿದರೆ, ಸಂಬಳವು ನಮಗೆ ತಿಳಿದಷ್ಟೇ ಆದುದರಿಂದ, ಬೇರೆ ದಾರಿಯ ಹಣವಿರಬೇಕೆಂದು ಕಲ್ಪಿಸುತ್ತೇವೆ. ಪೂರ್ವಾರ್ಜಿತ ಜಮೀನು ಮಾರಿರಬಹುದು, ಸಾಲ ತೆಗೆದಿರಬಹುದು ಎಂಬ ದಾರಿಗಳನ್ನು ಮುಚ್ಚಿನೋಡುವ ತಾಳ್ಮೆಯಿಲ್ಲ. ಸೊಸೆಯು ನಾಲ್ಕು ದಿನ ಮಾತು ಕಡಿಮೆ ಮಾಡಿದರೆ ಅದಕ್ಕೆ ಅಹಂಕಾರವೆಂದು ಹೆಸರಿಡುತ್ತೇವೆ. ಅವಳ ತವರಿನಲ್ಲಿ ಯಾರಿಗಾದರೂ ಅಸ್ವಾಸ್ಥ್ಯವಿರಬಹುದೆಂದು ಕೇಳುವುದಿಲ್ಲ. ಮಗನ ಅಂಕಗಳು ಕಡಿಮೆಯಾದರೆ ಸೋಮಾರಿತನವೆನ್ನುತ್ತೇವೆ. ಕರಿಹಲಗೆಯು ಅವನ ಕಣ್ಣಿಗೆ ಸರಿಯಾಗಿ ಕಾಣುತ್ತಿದೆಯೆ ಎಂದು ವಿಚಾರಿಸುವುದಿಲ್ಲ. ಇಟ್ಟ ಹೆಸರು ನಿಂತುಬಿಡುತ್ತದೆ. ಹೆಸರಿಗೆ ತಕ್ಕಂತೆ ನಮ್ಮ ನಡವಳಿಕೆಯೂ ಬದಲಾಗುತ್ತದೆ. ವಲ್ಕನ್ ಇಲ್ಲವೆಂದು ತಿಳಿದಾಗ ಯಾರಿಗೂ ನೋವಾಗಲಿಲ್ಲ. ಮನುಷ್ಯನ ಮೇಲೆ ಹೊರಿಸಿದ ಸುಳ್ಳು ಕಾರಣವು ಸುಳ್ಳೆಂದು ತಿಳಿಯುವ ಹೊತ್ತಿಗೆ ಒಂದು ಬಾಂಧವ್ಯವೇ ಮುರಿದಿರುತ್ತದೆ.

ಆದುದರಿಂದ ಊಹೆಯನ್ನು ಊಹೆಯೆಂದೇ ಕರೆದು, ಅದಕ್ಕಿರುವ ಬಲವೆಷ್ಟೋ ಅಷ್ಟನ್ನೇ ಕೊಟ್ಟು, ತೆರೆದಿರುವ ದಾರಿಗಳನ್ನು ಒಂದೊಂದಾಗಿ ಪರೀಕ್ಷಿಸುವುದು ಬುದ್ಧಿಯ ಶಿಸ್ತೂ ಹೌದು, ನಾಲಗೆಯ ಶಿಸ್ತೂ ಹೌದು. 4.2ನ್ನು 5 ಎಂದು ಹೇಳದಿರುವ ಸಂಯಮವು ಡೆಸಿ ವಿಜ್ಞಾನಿಗಳಿಗೆ ಎಷ್ಟು ಅಗತ್ಯವೋ, ಕೇಳಿದ್ದನ್ನು ಕಂಡೆನೆಂದು ಹೇಳದಿರುವ ಸಂಯಮವು ಗೃಹಸ್ಥನಿಗೂ ಅಷ್ಟೇ ಅಗತ್ಯ.

ವಿಶ್ವದ ವಿಷಯದಲ್ಲಿ ಕೆಲಸವು ಮುಂದುವರಿಯುತ್ತಿದೆ. ಯೂರೋಪಿನವರು 2023ರ ಜುಲೈ 1ರಂದು ಹಾರಿಸಿದ ಯೂಕ್ಲಿಡ್ ದೂರದರ್ಶಕವು ಗೆಲಾಕ್ಸಿಗಳ ಹರವನ್ನು ಅಳೆಯುತ್ತಿದೆ. ಚಿಲಿ ದೇಶದ ಪರ್ವತದ ಮೇಲಿನ ವೇರಾ ರೂಬಿನ್ ವೀಕ್ಷಣಾಲಯವು 2025ರ ಜೂನ್ ತಿಂಗಳಲ್ಲಿ ತನ್ನ ಮೊದಲ ಚಿತ್ರಗಳನ್ನು ಪ್ರಕಟಿಸಿತು. ಹಿಂದೆಂದೂ ಕಾಣದಷ್ಟು ಸಂಖ್ಯೆಯಲ್ಲಿ ಸೂಪರ್‌ನೋವಾಗಳನ್ನು ಅದು ಗುರುತಿಸುವ ನಿರೀಕ್ಷೆಯಿದೆ. ಅಗೋಚರ ಶಕ್ತಿಯು ನೆಪ್ಚೂನಿನಂತೆ ಇದ್ದೇ ಇರುವ ವಸ್ತುವಾಗಿ ನಿಲ್ಲುವುದೋ, ವಲ್ಕನ್ನಿನಂತೆ ಬರಿಯ ಹೆಸರಾಗಿ ಉಳಿದು ಮರೆತುಹೋಗುವುದೋ ಎಂಬುದನ್ನು ಅವುಗಳಿಂದ ದೊರೆಯುವ ಸಾಕ್ಷ್ಯವೇ ಹೇಳಬೇಕು. ಅಲ್ಲಿಯವರೆಗೆ ಆ ಹೆಸರು ಒಂದು ಗುರುತಾಗಿ ಇರಲಿ. ಅದು ಉತ್ತರದ ಸ್ಥಾನದಲ್ಲಿ ಕುಳಿತಿರುವ ಪ್ರಶ್ನೆಯೆಂಬುದನ್ನು ಮಾತ್ರ ನಾವು ಮರೆಯದಿರೋಣ.